ವಿಂಗಿನಲ್ಲಿ ನಿಂತು ಬರೆದ ವಿಮರ್ಶೆ

ಆಸ್ಟಿನ್ ಹತ್ತಿರದ ರೌಂಡ್ ರಾಕಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಕೆನಡಾದ ಫ್ರೆಂಚ್ ಮುದುಕರೊಬ್ಬರು ಮಗಳ ಜೊತೆ ಇದ್ದರು. ತಮ್ಮೂರಿನ ಪತ್ರಿಕೆಗೆ ಮೊದಲು ನಾಟಕ ವಿಮರ್ಶೆ ಬರೆದವರು, ಆಮೇಲೆ ತಾವೇ ನಾಟಕ ಬರೆದವರು, ಐವತ್ತು ದಾಟಿದ ಮೇಲೆ ಬಣ್ಣ ಹಚ್ಚಿದವರು. ಯಾವತ್ತೂ ನಾಯಕನಲ್ಲ. ಪೋಸ್ಟ್‌ಮ್ಯಾನ್, ಪಾದ್ರಿ, ಕಿವುಡು ಮಾವ, ಇಂಥವೇ. ಸಂಜೆ ಅಂಚೆ ಡಬ್ಬಿಗಳ ಹತ್ತಿರ ಸಿಕ್ಕರೆ, ಬರೀ ಕುತ್ತಿಗೆ ವಾಲಿಸಿ ಆ ಕಿವುಡು ಮಾವನಾಗಿಬಿಡುತ್ತಿದ್ದರು. ನನ್ನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ನಾನು ಎಸ್ಸೆಸ್ಸೆಲ್ಸಿ ಓದಿ ದಿನಸಿ ಅಂಗಡಿಯಲ್ಲಿ ದುಡಿದವನು. ಅವರ ಕತೆ ಕೇಳಿ ನನಗೂ ಹುಚ್ಚು ಹತ್ತಿತು. ನಮ್ಮ ಕನ್ನಡ ಸಂಘಕ್ಕೆ ಒಂದು ನಾಟಕ ಬರೆದೆ. ಡಾಲಸ್ ಕಡೆಯ ಮೆಕಿನ್ನಿಯಲ್ಲಿ, ಒಂದು ಶಾಲೆಯ ಹಾಲಿನಲ್ಲಿ ಪ್ರದರ್ಶನ. ವಠಾರದ ಮುದುಕಿಯ ಪಾತ್ರಕ್ಕೆ ಯಾರೂ ಸಿಗದೆ ಹೆಂಡತಿಯನ್ನು ಒಪ್ಪಿಸಿದೆ.

"ಮಾತು ಮರೆತುಹೋದ್ರೆ?"

"ಪ್ರಾಂಪ್ಟ್ ಮಾಡೋನು ನಾನೇ ಅಲ್ವೇನೇ? ವಿಂಗ್ ಕಡೆ ನೋಡು, ಸಾಕು."

ಮನೆ ಬಿಟ್ಟಾಗಿನಿಂದ ಡಾಲಸ್ ಮುಟ್ಟುವವರೆಗೂ ಕಾರಿನಲ್ಲಿ ಅವಳು ಮಾತು ಒಪ್ಪಿಸುತ್ತಲೇ ಇದ್ದಳು. ಒಂದೂ ತಪ್ಪಲಿಲ್ಲ.

ನಮ್ಮ ಸಂಘದ ಈ ಪತ್ರಿಕೆಯಲ್ಲಿ ಎಲ್ಲ ನಾಟಕಕ್ಕೂ "ಎಲ್ಲರ ಅಭಿನಯವೂ ಚೆನ್ನಾಗಿತ್ತು" ಎಂದೇ ಬರೆಯುವುದು ವಾಡಿಕೆ. ರಜೆ ಹಾಳುಮಾಡಿಕೊಂಡು ಬಂದವರನ್ನು ಯಾರು ಬೈಯುತ್ತಾರೆ? ಈ ಸಲ ನಿಜವಾದ ವಿಮರ್ಶೆ ಕೊಡುತ್ತೇನೆಂದು ನಾನು ಹೊರಟೆ. ಕೈಯಲ್ಲಿದ್ದ ಮಾತಿನ ಹಾಳೆಗಳ ಬೆನ್ನಿಗೇ ಒಬ್ಬೊಬ್ಬರ ತಪ್ಪು ಗೀಚಿಕೊಳ್ಳುತ್ತಾ ಸ್ಟೇಜಿನ ಪಕ್ಕ, ಪರದೆ ಮರೆಯ ವಿಂಗಿನಲ್ಲಿ ನಿಂತಿದ್ದೆ. ಇದ್ದಕ್ಕಿದ್ದಂತೆ ಹಾಲ್ ಮೌನವಾಯಿತು. ತಲೆಯೆತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಾಳೆ. ನಾನು ಹಾಳೆ ತಿರುಗಿಸಿ ಹುಡುಕುವಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಆಂಟಿ, ನೆಟ್‌ವರ್ಕ್ ಇಲ್ವಾ?" ಜನ ಗೊಳ್ಳೆಂದು ನಕ್ಕರು. ಅವಳು ಒಳಗೆ ಬಂದುಬಿಟ್ಟಳು.

"ಮುದುಕಿಯ ಪಾತ್ರಧಾರಿಗೆ ತಯಾರಿ ಸಾಲದು" ಎಂದು ಬರೆದೆ. ಹೆಂಡತಿಯನ್ನೂ ಬಿಡಲಿಲ್ಲವಲ್ಲ ಎಂದು ಜನ ಹೊಗಳಿದರು. ನಾನು ಬೀಗಿದೆ.

ಅದನ್ನೇ ಹೆಮ್ಮೆಯಿಂದ ಫ್ರೆಂಚ್ ಮುದುಕರಿಗೂ ಹೇಳಿದೆ. ಅವರು ನಗಲಿಲ್ಲ. "ನಾನೂ ಎಷ್ಟೋ ಜನರ ಬಗ್ಗೆ ಹಾಗೇ ಬರೆದೆ. ಸ್ಟೇಜ್ ಮೇಲೆ ನನಗೇ ಮಾತು ಮರೆತಾಗ ವಿಮರ್ಶೆ ಬಿಟ್ಟೆ" ಎಂದರು. ಆಮೇಲೆ ಕೇಳಿದರು: "ಅವತ್ತು ಪ್ರಾಂಪ್ಟರ್ ಯಾರು?"

"ಯಾರೋ ಹೊಸಬ," ಎಂದೆ.

ಹೆಂಡತಿ ಪಕ್ಕದಲ್ಲೇ ಇದ್ದಳು. ಅಷ್ಟು ಇಂಗ್ಲಿಷ್ ಅವಳಿಗೆ ಅರ್ಥವಾಗುತ್ತಿತ್ತು. ಅಂಚೆ ಡಬ್ಬಿಗೆ ಬೀಗ ಹಾಕಿ ಮನೆ ಕಡೆ ನಡೆದಳು.

ಆ ಮುದುಕರು ಕೆನಡಾಕ್ಕೆ ವಾಪಸಾಗಿ ಅಲ್ಲೇ ತೀರಿಕೊಂಡರು. ಕೊನೆಯವರೆಗೂ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದರು ಎಂದು ಮಗಳು ಹೇಳಿದಳು. ಅವರು ಇದ್ದಾಗ ಅವರಿಗೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಹೆಂಡತಿಯನ್ನು ಸಂಘದವರು ಮತ್ತೆ ಪಾತ್ರಕ್ಕೆ ಕರೆದಾಗಲೆಲ್ಲ, "ನಂಗೆ ತಯಾರಿ ಸಾಲದು" ಎಂದು ನಗುತ್ತಲೇ ತಪ್ಪಿಸಿಕೊಳ್ಳುತ್ತಿದ್ದಳು. ಆ ನಗುವಿನ ಅರ್ಥ ನನಗೆ ಮಾತ್ರ ಗೊತ್ತಿತ್ತು.

ಹಳೆಯ ವಿಮರ್ಶೆಯನ್ನು ಓದಿದವರು ಇದನ್ನೂ ಓದಲಿ. ಅವಳ ತಯಾರಿಯಲ್ಲಿ ಕೊರತೆ ಇರಲಿಲ್ಲ. ಪ್ರಾಂಪ್ಟರ್ ನಾನು, ನಾನು ನೋಡುತ್ತಿರಲಿಲ್ಲ.

ಹೂಸ್ಟನ್ನಿನ ಆಸ್ಪತ್ರೆಯಲ್ಲಿ ಅವಳ ಕೊನೆಯ ವಾರ. ಮಾತು ಕಮ್ಮಿಯಾಗಿತ್ತು. ಅವಳ ಕಿವಿಯ ಹತ್ತಿರ ಬಾಗಿ, ಅವತ್ತು ನಾನು ಹೇಳಿಕೊಡಬೇಕಿದ್ದ ಮುದುಕಿಯ ಮಾತನ್ನು ಮೆಲ್ಲಗೆ ಹೇಳಿದೆ: "ಬಾಗಿಲು ಹಾಕಿಲ್ಲ ಕಣಪ್ಪಾ, ಒಳಗೆ ಬಾ."

ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು.

"ಈಗ ಹೇಳ್ತೀರಾ?" ಎಂದಳು.