ಸೀಟಿ ಹೊಡೆಯದ ಕುಕ್ಕರ್

ನಾನು ಹುಟ್ಟಾ ಸಂಶಯದವಳು. ಕುಂದಗೋಳದ ತವರುಮನೆಯಲ್ಲಿ ಹಾಲು ಹಾಕುವವಳು ಬಂದರೆ ಮೊದಲು ಬೆರಳು ಅದ್ದಿ ನೋಡಿ, ಆಮೇಲೆ ಪಾತ್ರೆ ಹಿಡಿಯುತ್ತಿದ್ದೆ. 'ಈಕಿ ತಾಯಿ ಹಾಲನ್ನೂ ಸೋಸಿ ಕುಡದಾಕಿ' ಎಂದು ಅವ್ವ ಮಂದಿಯ ಮುಂದೆ ಹೇಳಿ ನಗುತ್ತಿದ್ದಳು. ಎಪ್ಪತ್ತರ ದಶಕದಲ್ಲಿ ನವಲಗುಂದ ತಾಲೂಕಿನ ಎರೆಭೂಮಿಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದಾಗ ಈ ಗುಣವೂ ನನ್ನ ಟ್ರಂಕಿನ ಜೊತೆಗೆ ಬಂತು. ಬಂದದ್ದೇ ನೇರ ಅತ್ತೆಯ ಮೇಲೆ ಹೋಗಿ ಕೂತಿತು.

ಅದಕ್ಕೆ ಕಾರಣವಿತ್ತು. ಸೊಸೆ ಮನೆ ತುಂಬಿದ ಮೇಲೆ ಅತ್ತೆಯಾದವಳು ಒಲೆಯ ಮುಂದೆ ಕೂರಬಾರದು ಎಂಬುದು ಆ ಓಣಿಯ ರೂಢಿ. ಕೂತರೆ ಸೊಸೆಗೆ ಮೈಗಳ್ಳಿ ಎಂಬ ಹೆಸರು, ಮಗನಿಗೆ ಹೆಂಡತಿಯ ಗುಲಾಮ ಎಂಬ ಹೆಸರು. ಹಾಗಾಗಿ ನಮ್ಮ ಅತ್ತೆ ನಾನು ಬಂದ ವಾರದಲ್ಲೇ ಒಲೆ ಬಿಟ್ಟು ಪಡಸಾಲೆಗೆ ಬಂದು ಕೂತರು. ಆದರೆ ಸುಮ್ಮನೆ ಕೂರುವ ಜೀವ ಅದಲ್ಲ. ನೀರು ಕುಡಿಯುವ ನೆಪದಲ್ಲಿ ಒಳಗೆ ಬರುವರು, ಗಡಿಗೆಯ ಮುಚ್ಚಳ ಎತ್ತುವರು, ಬುಟ್ಟಿಯಲ್ಲಿದ್ದ ರೊಟ್ಟಿಯ ಅಂಚು ಚಿವುಟಿ ಬಾಯಿಗೆ ಹಾಕಿಕೊಳ್ಳುವರು, ಒಂದು ಮಾತೂ ಆಡದೆ ಹೊರಗೆ ಹೋಗುವರು. ನನ್ನ ತಪ್ಪು ಹುಡುಕುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ.

ಮದುವೆಗೆ ಮೊದಲೇ ನಾನು ಮಾಸ್ತರಕಿ ಟ್ರೇನಿಂಗ್ ಮುಗಿಸಿದ್ದೆ. ಮದುವೆಯಾಗಿ ಮೂರು ವರ್ಷದ ಮೇಲೆ, ಆಸೆ ಬಿಟ್ಟಾಗ, ಯಮನೂರಿನ ಕಡೆಗೆ ಹೋಗುವ ಬಸ್ಸಿನ ದಾರಿಯ ಒಂದು ಊರಿನ ಸಾಲಿಗೆ ನೇಮಕವಾಗಿ ಆರ್ಡರ್ ಬಂತು. ನಾನು ಅದನ್ನು ಹಿಡಿದು ಮಾವನವರ ಮುಂದೆ ನಿಂತೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

'ನೌಕರಿ ಮಾಡಾಕ ನಾ ಅಡ್ಡ ಬರೂದಿಲ್ಲ' ಎಂದರು. 'ಆದ್ರ ನೀ ಮುಂಜಾನಿ ಬಸ್ಸಿಗಿ ಹ್ವಾದ್ರ ಹೊಲದ ಮಂದಿಗಿ ಬುತ್ತಿ ಯಾರ್ ಕಟ್ಟೂರು?'

ಅವರ ಬಾಯಲ್ಲಿ ಅದು ಪ್ರಶ್ನೆಯಲ್ಲ, ಬೇಡ ಎನ್ನುವ ರೀತಿ. ಅತ್ತೆ ಪಡಸಾಲೆಯ ಕಂಬಕ್ಕೆ ಆತು ಕೂತು ಕೇಳುತ್ತಿದ್ದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಗಂಡನ ಬೆನ್ನ ಹಿಂದೆ ನಿಂತು ನನ್ನ ಕಾಲು ಕಟ್ಟಿ ಹಾಕುತ್ತಿರುವವರು ಇವರೇ ಎಂದು ನನಗೆ ಖಾತ್ರಿಯಾಯಿತು.

ನನ್ನ ಗಂಡ ಹತ್ತಿ ಮಾರಲು ಹುಬ್ಬಳ್ಳಿಗೆ ಹೋದವರು ಕುಕ್ಕರಿನ ಸುದ್ದಿ ಹಿಡಿದುಕೊಂಡು ಬಂದರು. ಅದು ಅಂಗಡಿಯಲ್ಲಿ ಮಾರುವ ಮಾಲಲ್ಲವಂತೆ. ಯಾರಾದರೂ ತಮ್ಮ ಮನೆಯಲ್ಲಿ ಓಣಿಯ ಹೆಂಗಸರನ್ನು ಕೂಡಿಸಿದರೆ ಕಂಪನಿಯ ಹೆಣ್ಣುಮಗಳೊಬ್ಬರು, ಬಾಯಾರು ಅನ್ನುವವರು, ಬಂದು ಎಲ್ಲರ ಮುಂದೆ ಬೇಯಿಸಿ ತೋರಿಸುತ್ತಾರಂತೆ. ಕಾಳು, ಬೇಳೆ, ಪಲ್ಯ ಎಲ್ಲ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆಗುತ್ತದಂತೆ. ಪುಕ್ಕಟೆ ಬಂದು ಅಡಿಗೆ ಮಾಡಿ ಹೋಗುವವರ ಇನ್ನೊಂದು ಕೈ ಎಲ್ಲಿರುತ್ತದೆ ಎಂದು ನನಗೆ ಅನುಮಾನವಿತ್ತು. ಆದರೂ ಮುಳುಗುವವಳಿಗೆ ಹುಲ್ಲುಕಡ್ಡಿ ಆಸರೆ. ಮಾವನವರೂ ಒಪ್ಪಿದರು. ಹತ್ತು ಹೆಂಗಸರ ಮುಂದೆ ಬೇಗ ಬೇಯಿಸಿ ತೋರಿಸಲಿ, ಅವರೆಲ್ಲ ಹೌದು ಅಂದರೆ ಸೊಸೆ ಸಾಲಿಗೆ ಹೋಗಲಿ, ಇಲ್ಲದಿದ್ದರೆ ಆರ್ಡರ್ ತಿರುಗಿ ಕಳಿಸಲಿ ಎಂದರು. ನನ್ನ ನೌಕರಿ ಒಂದು ಅಲ್ಯೂಮಿನಿಯಂ ಪಾತ್ರೆಯ ಹೊಟ್ಟೆಯೊಳಗೆ ಹೋಗಿ ಕೂತದ್ದು ಹೀಗೆ.

ಕುಕ್ಕರಿನ ಬಾಯಾರು ಒಂದು ದಿನ ಮೊದಲೇ ಬಂದರು. ಹೆಗಲಿಗೆ ದೊಡ್ಡ ಚೀಲ, ಕಾಲಲ್ಲಿ ಚಪ್ಪಲಿ, ಬಾಯಲ್ಲಿ ಬೆಲ್ಲ. ಕುಕ್ಕರನ್ನು ಪಡಸಾಲೆಯಲ್ಲಿಟ್ಟು ಮುಚ್ಚಳದ ನಡುವಿನ ಸಣ್ಣ ಕೊಳವೆ ತೋರಿಸಿದರು. 'ಈ ತೂತಿನಾಗಿಂದ ಉಗಿ ಬರತೈತ್ರಿ ಯವ್ವಾರ, ಬಂದಾಗ ಸೀಟಿ ಹೊಡೀತೈತಿ. ಸೀಟಿ ಹೊಡೀತಂದ್ರ ಅಡಗಿ ಆತಂತ ತಿಳಕೋಬೇಕು.' ಅತ್ತೆ ಕತ್ತು ಮುಂದೆ ಚಾಚಿ ನೋಡಿದರು. ಬಾಯಾರು ಕುಕ್ಕರನ್ನು ನಮ್ಮಲ್ಲೇ ಬಿಟ್ಟು ನವಲಗುಂದದ ತಮ್ಮ ಸಂಬಂಧಿಕರ ಮನೆಗೆ ಹೋದರು.

ಅವರು ಹೋದದ್ದೇ ತಡ, ಅತ್ತೆ ಕುಕ್ಕರ್ ಎತ್ತಿಕೊಂಡು ಹಿತ್ತಲಿಗೆ ನಡೆದರು. ಊರೂರು ತಿರುಗಿದ ಪಾತ್ರೆ, ಯಾರ ಮನೆಯಲ್ಲಿ ಏನು ಬೆಂದಿದೆಯೋ ಯಾರಿಗೆ ಗೊತ್ತು. ಕುಳ್ಳಿನ ಬೂದಿ, ಹುಣಸೆಹಣ್ಣು, ತೆಂಗಿನ ಜುಂಗು ಹಿಡಿದು ಒಳಗೂ ಹೊರಗೂ ಎರಡೆರಡು ಸಲ ತಿಕ್ಕಿದರು. ತೊಳೆದು ಬಿಸಿಲಿಗಿಟ್ಟರು. ಕೊನೆಗೆ ಮುಚ್ಚಳದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಇಷ್ಟು ಮುತುವರ್ಜಿ ಯಾಕೋ ಎಂದು ಅನ್ನಿಸಿತು, ಆದರೆ ಹೊರಗಿನ ಪಾತ್ರೆಯನ್ನು ತಿಕ್ಕದೆ ಒಳಗೆ ತರುವ ಮನೆ ನಮ್ಮ ಕಡೆ ಯಾವುದಿದೆ?

ಮರುದಿನ ಹೆಂಗಸರು ಬಂದರು. ಬಂದವರು ಯಾರೂ ಹತ್ತಿರ ಕೂರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ, ಸೆರಗು ಬಾಯಿಗೆ ಹಿಡಿದು, ಬಾಗಿಲಿನ ಕಡೆ ಒಂದು ಕಣ್ಣಿಟ್ಟು ಕೂತರು. ಬಾಯಾರು ಚಿಮಣಿಎಣ್ಣೆಯ ಸ್ಟೋ ಹೊತ್ತಿಸಿ ನಗುತ್ತ ಕರೆದರು. 'ಬರ್ರಿ ಅಕ್ಕಾರ, ಬ್ಯಾಳಿ ನೀವ ಹಾಕ್ರಿ. ನಿಮ್ಮ ಕೈಯಿಂದನ ಆಗಲಿ.'

ಯಾರೂ ಏಳಲಿಲ್ಲ. ಬಳೆಗಾರನ ಮಲಾರದಲ್ಲಿ ಕೈ ಇಟ್ಟರೆ ಬಳೆ ಇಡಿಸಿಕೊಳ್ಳದೆ ಏಳಬಾರದು, ಸಂತೆಯಲ್ಲಿ ಬೋಣಿಯ ಹೊತ್ತಿಗೆ ಮಾಲು ಮುಟ್ಟಿದರೆ ಕೊಳ್ಳದೆ ಹೋಗಬಾರದು. ಇದನ್ನು ಆ ಹುಬ್ಬಳ್ಳಿಯ ಬಾಯಾರಿಗೆ ಯಾರೂ ಹೇಳಿರಲಿಲ್ಲ. ಅವರು ಬೇಳೆಯ ಬಟ್ಟಲು ಮುಂದೆ ಹಿಡಿದಷ್ಟೂ ಹೆಂಗಸರು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

'ಇದು ರೊಟ್ಟಿ ಬಡೀತೈತೇನ್ರಿ ಬಾಯಾರ?' ಎಂದು ಒಬ್ಬಳು ಕೇಳಿದಳು.

'ಇಲ್ರಿ, ರೊಟ್ಟಿ ನೀವ ಬಡೀಬೇಕು.'

'ಮತ್ತ ಇದರದೇನು ಉಪಕಾರ?'

ಎಲ್ಲರೂ ನಕ್ಕರು. ಮೂಲೆಮನೆಯ ಮುದುಕಿಗೆ ಮುಚ್ಚಳದ ಮೇಲೆಯೇ ಸಂಶಯ. 'ಒಂದು ಅಗಳು ಹಿಚುಕಿ ನೋಡಾಕ ಬರೂದಿಲ್ಲ, ಒಂದು ಸೌಟು ಹಾಕಾಕ ಬರೂದಿಲ್ಲ. ಮುಚ್ಚಿಟ್ಟು ಮಾಡೂದು ಅಡಗಿ ಅಲ್ಲವಾ, ಮಾಟ.' ಇನ್ನೊಬ್ಬಳು ಪಿಸುದನಿಯಲ್ಲಿ, ಈ ಪಾತ್ರೆಯಲ್ಲಿ ನಿನ್ನೆ ಮೊನ್ನೆ ಎಲ್ಲೆಲ್ಲಿ ಏನೇನು ಬೇಯಿಸಿದ್ದಾರೋ ಎಂದಳು. ಬಾಜು ಮನೆಯ ಮುಸಲ್ಮಾನರ ಹಿರಿಯಳು, ನಾವೆಲ್ಲ ಖಾಲಾ ಎಂದು ಕರೆಯುತ್ತಿದ್ದವರು, ಅದನ್ನು ಕೇಳಿಸಿಕೊಂಡು ಜೋರಾಗಿ ಹೇಳಿದರು: 'ನಮ್ಮ ಮನ್ಯಾಗಂತೂ ಬೇಯಿಸಿಲ್ಲ ಬಿಡ್ರೆವಾ. ಬೇಯಿಸಿದ್ರ ವಾಸನಿಗಿ ನೀವ ಮೊದಲು ಬರ್ತಿದ್ರಿ.' ಆ ನಗೆಯಲ್ಲೂ ಯಾರೂ ಗೋಡೆ ಬಿಟ್ಟು ಅಲ್ಲಾಡಲಿಲ್ಲ.

ಕಡೆಗೆ ನಾನೇ ಬೇಳೆ ಹಾಕಿ, ನೀರು ಹಾಕಿ, ಮುಚ್ಚಳ ಬಿಗಿದೆ. ಅಂಗಳದ ಕಟ್ಟೆಯ ಮೇಲೆ ಮಾವನವರು ಕೂತಿದ್ದರು, ನೋಡದವರಂತೆ. 'ಹಿಂದ ಸರಿ, ಮೈಮ್ಯಾಲ ಉಗಿ ಬಂದೀತು' ಎಂದು ಅತ್ತೆ ನನ್ನನ್ನು ರಟ್ಟೆ ಹಿಡಿದು ಎಳೆದು ಕೂರಿಸಿದರು.

ಕಾದೆವು. ಸ್ಟೋ ಭರ್ರೆನ್ನುತ್ತಿತ್ತು. ಸೀಟಿ ಬರಲಿಲ್ಲ. ಬಾಯಾರು ಈಗ ಬರತೈತಿ, ಈಗ ಬರತೈತಿ ಎನ್ನುತ್ತ ಕೈಗಡಿಯಾರ ನೋಡಿದರು, ಉರಿ ಹೆಚ್ಚಿಸಿದರು. ಮುಖದ ಮೇಲಿನ ನಗೆ ಮಾತ್ರ ಸ್ವಲ್ಪ ಸ್ವಲ್ಪವೇ ಒಣಗುತ್ತ ಬಂತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಢಂ ಎಂದಿತು. ಮುಚ್ಚಳದ ಒಂದು ಬದಿಗಿದ್ದ ಸಣ್ಣ ಬಿರಡೆ ಕಿತ್ತು ಹಾರಿ, ಬಿಸಿಬೇಳೆ ಕಾರಂಜಿಯಾಗಿ ಎದ್ದು ಮಾಳಿಗೆಯ ತೊಲೆ ಜಂತಿಗೆಲ್ಲ ಬಡಿಯಿತು. ಗೋಡೆಗೆ ಅಂಟಿ ಕೂತಿದ್ದವರು ಯಾವಾಗ ಅಂಗಳದಲ್ಲಿದ್ದರೋ ನನಗೆ ತಿಳಿಯಲಿಲ್ಲ. ಖಾಲಾ ಒಬ್ಬರೇ ಬಾಗಿಲಲ್ಲಿ ನಿಂತು, ಯಾರಿಗೂ ಸುಟ್ಟಿಲ್ಲವಲ್ಲ ಎಂದು ಕೂಗಿ ಕೇಳಿದರು. ದೇವರು ದೊಡ್ಡವನು, ಯಾರಿಗೂ ಏನೂ ಆಗಿರಲಿಲ್ಲ.

'ಹೆದರಬ್ಯಾಡ್ರಿ, ಹಿಂಗ ಆಗಲೆಂತನ ಆ ಬಿರಡಿ ಇಟ್ಟಾರ್ರಿ, ಪಾತ್ರಿ ಒಡೀಲಿಲ್ಲ ನೋಡ್ರಿ' ಎಂದು ಬಾಯಾರು ಅಷ್ಟರಲ್ಲೂ ಮಾಲು ಹೊಗಳಿದರು. ಕೇಳಲು ಯಾರೂ ಇರಲಿಲ್ಲ. ಪಾತ್ರೆ ತಣ್ಣಗಾದ ಮೇಲೆ ತಲೆಯ ಪಿನ್ನು ತೆಗೆದು ಆ ನಡುವಿನ ಕೊಳವೆ ಕೆದಕಿದರು. ಗಟ್ಟಿಯಾಗಿ ಮೆತ್ತಿಕೊಂಡಿದ್ದ ಬೂದಿ ಉದುರಿತು. ಅವರು ಅತ್ತೆಯನ್ನು ನೋಡಿದರು. ನಾನೂ ನೋಡಿದೆ.

'ತಿಕ್ಕೀನಿ' ಎಂದರು ಅತ್ತೆ. 'ಕಂಡೋರ ಮನಿ ಪಾತ್ರಿ ತಿಕ್ಕದ ಒಳಗ ತರ್ತಾರೇನು?'

ಬಾಯಾರು ಚೀಲ ಕಟ್ಟಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದರು. ನಾನು ಏಣಿ ಹಾಕಿಕೊಂಡು ತೊಲೆಗೆ ಹತ್ತಿದ ಬೇಳೆ ಒರೆಸಿದೆ. ಅಳು ಬಂತು ಅನ್ನುವುದಕ್ಕಿಂತ ಸಿಟ್ಟು ಬಂತು ಅನ್ನಬೇಕು, ಮೈಯೆಲ್ಲ ಉರಿಯುವಂಥ ಸಿಟ್ಟು. ಬಿಸಿಲಿಗಿಟ್ಟು ಒಣಗಿಸಿದ ಪಾತ್ರೆಯಲ್ಲಿ ಅಷ್ಟು ಬೂದಿ ಹೇಗೆ ಉಳಿಯುತ್ತದೆ? ಅದೂ ಆ ತೂತಿನಲ್ಲೇ ಯಾಕೆ ಉಳಿಯಬೇಕು?

ಸಂಜೆ ಮಾವನವರು ಕೈಕಾಲು ತೊಳೆದು ಒಳಗೆ ಬಂದು ತಲೆಯೆತ್ತಿ ಮಾಳಿಗೆ ನೋಡಿದರು. 'ಆತಲ್ಲ? ಆರ್ಡರ್ ತಿರಿಗಿ ಕಳಸು' ಎಂದರು. ನನ್ನ ಗಂಡ ನೆಲ ನೋಡುತ್ತ ನಿಂತರು. ನಾನು ಒಲೆಯ ಮುಂದೆ ಕೂತು ಹಿಟ್ಟು ನಾದುತ್ತಿದ್ದೆ, ಹಿಟ್ಟಿನೊಳಗೇ ಮುಖ ಇಟ್ಟುಬಿಡುವಷ್ಟು ಬಗ್ಗಿದ್ದೆ.

ಅತ್ತೆ ಎದ್ದು ಬಂದರು. 'ಏಳು' ಎಂದರು. ಏಳುವ ಮೊದಲೇ ನನ್ನನ್ನು ಪಕ್ಕಕ್ಕೆ ಸರಿಸಿ ಒಲೆಯ ಮುಂದೆ ಕೂತೇಬಿಟ್ಟರು. ಕೊಣಮಿಗೆಯೊಳಗಿನ ಹಿಟ್ಟು ಅವರ ಕೈಗೆ ಹೋಯಿತು.

ಮಾವನವರು ಬೆಚ್ಚಿದರು. 'ಇದೇನಿದು? ಸೊಸಿ ಇದ್ದು ನೀ ಒಲಿ ಮುಂದ ಕುಂತ್ರ ಮಂದಿ ಏನಂದಾರು?'

'ಏನಂತಾರ್ರಿ? ಮುಂಜಾನಿ ಎಲ್ಲಾರೂ ನಮ್ಮ ಮಾಳಿಗಿ ನೋಡೇ ಹೋಗ್ಯಾರ. ಈಕಿ ಕೈಯಾಗ ಒಲಿ ಕೊಟ್ರ ಮನಿ ಉಳಿಯೂದಿಲ್ಲ, ಅದಕ್ಕ ಅತ್ತಿ ಕಸಗೊಂಡ್ಲು ಅಂತಾರ. ಅನ್ನಲಿ.' ರೊಟ್ಟಿ ಬಡಿಯುತ್ತಲೇ ಹೇಳಿದರು. 'ನಾಳಿಂದ ಬುತ್ತಿ ನಾ ಕಟ್ಟತೀನಿ. ಒಲಿ ಇಲ್ಲದಾಕಿ ಮನ್ಯಾಗ ಕುಂತು ಮಾಡೂದೇನೈತಿ? ಸಾಲಿಗಿ ಹೋಗಲಿ.'

ಬುತ್ತಿ ಯಾರು ಕಟ್ಟುವವರು ಎಂದು ಕೇಳಿದವರು ಮಾವನವರೇ. ಆ ಮಾತನ್ನು ಪ್ರಶ್ನೆ ಎಂದು ತಿಳಿದು ಉತ್ತರ ಕೊಟ್ಟವರು ಆ ಮನೆಯಲ್ಲಿ ಅತ್ತೆ ಒಬ್ಬರೇ. ಮಾವನವರು ತಾಟಿನ ಮುಂದೆ ಕೂತು ಉಂಡರು, ಒಂದು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡರು.

ಸಾಲಿಗೆ ಹೊರಡುವ ದಿನ ಮುಂಜಾನೆ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. 'ಅತ್ತಿ, ಆ ತೂತಿನಾಗ ಬೂದಿ ತಾನ ಹೋಗಿತ್ತೇನ್ರಿ?'

ಅವರು ನನ್ನ ಕಡೆ ತಿರುಗಲಿಲ್ಲ. 'ಸೀಟಿ ಹೊಡೀಬಾರದು ಅಂತ ಮನಸಿನಾಗ ಇತ್ತು ಅಂತ ತಿಳಕೋ. ಹಾರತೈತಿ ಅಂತ ನನಗೇನ್ ಕನಸು ಬಿದ್ದಿತ್ತೇನು?' ಎಂದು ಬುತ್ತಿಯ ಗಂಟು ನನ್ನ ಕೈಗೆ ಕೊಟ್ಟರು. ತಿಳಕೋ ಅಂದರೆ ಹೌದು ಎಂದೋ, ಅಲ್ಲ ಎಂದೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಮಧ್ಯಾಹ್ನ ಸಾಲಿಯ ಕಟ್ಟೆಯ ಮೇಲೆ ಗಂಟು ಬಿಚ್ಚಿದೆ. ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ. ರೊಟ್ಟಿ ಹೊತ್ತು ಏರಿದರೂ ಮೆತ್ತಗಿತ್ತು, ಅಂಚಿನಿಂದ ಅಂಚಿಗೆ ಒಂದೇ ತೆಳು. ಮೂರು ವರ್ಷ ಬಡಿದರೂ ಅಂಥ ರೊಟ್ಟಿ ನನ್ನ ಕೈಯಿಂದ ಒಂದು ದಿನವೂ ಎದ್ದಿರಲಿಲ್ಲ. ಇಂಥ ಕೈಯನ್ನು, ಸೊಸೆ ಬಂದಳು ಎಂಬ ಒಂದೇ ಕಾರಣಕ್ಕೆ, ಮನೆಮಂದಿಯೆಲ್ಲ ಸೇರಿ ಸುಮ್ಮನೆ ಕೂರಿಸಿದ್ದೆವು. ತಪ್ಪು ಹುಡುಕಲು ಬರುತ್ತಾರೆ ಎಂದು ನಾನು ಅವರನ್ನು ದಿನಾ ಬೈದುಕೊಂಡೆ. ಒಲೆಗಾಗಿ ಕೈ ತುರಿಸುತ್ತಿತ್ತು, ಬರುತ್ತಿದ್ದರು, ಅಷ್ಟೆ. ಕುಕ್ಕರ್ ಗೆದ್ದಿದ್ದರೆ ಆ ಒಲೆ ಅವರಿಗೆ ಎಂದೂ ತಿರುಗಿ ಸಿಗುತ್ತಿರಲಿಲ್ಲ. ನನಗೆ ನಿಜವಾಗಿ ದುಃಖವಾಯಿತು.

ಸಂಜೆ ಬಸ್ಸಿಳಿದು ಬಂದವಳು ಚಪ್ಪಲಿ ಬಿಟ್ಟು ನೇರ ಒಲೆಯ ಹತ್ತಿರ ಹೋದೆ. 'ರೊಟ್ಟಿ ಅಗದಿ ಚಲೋ ಆಗಿದ್ವ್ರಿ ಅತ್ತಿ' ಎಂದೆ.

ಅತ್ತೆ ಊದುಕೊಳವೆ ಕೆಳಗಿಟ್ಟು, ಹೊಗೆಯ ನಡುವಿನಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹಾಲಿನವಳ ಕೊಡವನ್ನು ನಾನು ನೋಡುತ್ತಿದ್ದಷ್ಟೇ ಸಂಶಯ ಆ ಕಣ್ಣುಗಳಲ್ಲಿತ್ತು.

'ಹೊಗಳಿ ಹೊಗಳಿ ಒಲಿ ತಿರಿಗಿ ಕೇಳಬ್ಯಾಡ ಮತ್ತ' ಎಂದರು. 'ನಾ ಕೊಡೂದಿಲ್ಲ.'