ಮೆತ್ತನೆ ಕೀಲಿಯ ಟೈಪ್‌ರೈಟರು

ಎಂಬತ್ತರ ದಶಕದ ಆರಂಭ. ಬಾಗಲಕೋಟೆಯಲ್ಲಿ ಟೈಪಿಂಗ್ ಕಲಿತ ಮೇಲೆ ಹುನಗುಂದದ ತಹಶೀಲ್ದಾರ ಕಚೇರಿಯ ಹೊರಗೆ ಅರ್ಜಿ ಟೈಪ್ ಮಾಡಿಕೊಡುವ ಜಾಗವೊಂದು ನನಗೆ ಸಿಗುವುದಿತ್ತು. ಮಷಿನು ಮಾತ್ರ ನನ್ನದೇ ಇರಬೇಕು. ಆದರೆ ಕಲಿಯುವಾಗಲೇ ಗಟ್ಟಿ ಕೀಲಿಗಳನ್ನು ಕುಟ್ಟಿ ಕುಟ್ಟಿ ನನ್ನ ಬಲಗೈ ಮಣಿಕಟ್ಟು ಕೆಟ್ಟಿತ್ತು. ಬೆಳಗ್ಗೆ ರೊಟ್ಟಿ ಬಡಿಯಲೂ ಆಗುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಹೇಳಿದ್ದರೆ ಜಾಗ ಹೋಗುತ್ತಿತ್ತು. ಕೀಲಿ ಮೆತ್ತಗಿರುವ, ಆದರೂ ಬಹಳ ಕಾಲ ಬಾಳುವ ಮಷಿನು ಸಿಕ್ಕರಷ್ಟೇ ನನ್ನ ಕೈ ಉಳಿಯುವುದಿತ್ತು.

ಹುಟ್ಟಿನಿಂದಲೂ ನಾನು ಸಂಶಯದವಳು. ಕಾಯಿಪಲ್ಯದವಳು ತಾನಾಗಿ ಒಂದು ಬದನೆಕಾಯಿ ಹೆಚ್ಚು ಹಾಕಿದರೆ ಅದನ್ನೇ ಮೊದಲು ಸೀಳಿ ನೋಡುತ್ತೇನೆ. ಬಾದಾಮಿಯಲ್ಲಿ ಒಂದು ಮಷಿನಿಗೆ ಹೊಸ ಬಣ್ಣದ ವಾಸನೆ ಬಂತೆಂದು ಮುಟ್ಟದೆ ಎದ್ದು ಬಂದಿದ್ದೆ.

ಆಮೇಲೆ ಕಚೇರಿ ಮುಂದೆ ಕರಾರುಪತ್ರ ಬರೆಯುವ ಬಾಂಡ್ ರೈಟರ್ ಒಬ್ಬರು ನನ್ನನ್ನು ಇಳಕಲ್ಲಿಗೆ ಕರೆದೊಯ್ದರು. ಅವರ ಗೆಳೆಯರೊಬ್ಬರು, ಆಯುಷ್ಯವೆಲ್ಲ ಅರ್ಜಿ ಟೈಪ್ ಮಾಡಿದ ಮುದುಕರು, ಮಷಿನು ಮಾರುವವರಿದ್ದರು. ಅವರು ಬೆಂಚಿನ ಮೇಲೆ ಕುಳಿತಿದ್ದರು. ತೊಡೆಯ ಮೇಲೆ ಟವೆಲ್, ಎರಡೂ ಕೈ ಅದರ ಕೆಳಗೆ. ಬಾಂಡ್ ರೈಟರ್ ಹೋಗಿ ಅವರಿಗೆ ಅಂಟಿಕೊಂಡೇ ಕುಳಿತರು. ದನದ ಸಂತೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಬೆರಳು ಹಿಡಿದೇ ವ್ಯಾಪಾರ ಮುಗಿಸುವುದನ್ನು ಅಪ್ಪನ ಜೊತೆ ಹೋಗಿ ನೋಡಿದವಳು ನಾನು. ಇವರಿಬ್ಬರೂ ನನ್ನ ಕಣ್ಣೆದುರೇ ನನಗೆ ಟೋಪಿ ಹಾಕುತ್ತಿದ್ದಾರೆ ಎಂದುಕೊಂಡೆ.

ನಾಲ್ಕು ಕಾರ್ಬನ್ ಇಟ್ಟು ಹಾಳೆ ಏರಿಸಿದೆ. ಬೆರಳಿಟ್ಟರೆ ಸಾಕು, ಕೀಲಿ ಇಳಿಯುತ್ತಿತ್ತು. ಕೊನೆಯ ಪ್ರತಿಯೂ ಸ್ವಚ್ಛ. ಮಣಿಕಟ್ಟಿಗೆ ನೋವೇ ಇಲ್ಲ. ಅದಕ್ಕೇ ಸಂಶಯ ದುಪ್ಪಟ್ಟಾಯಿತು. ಇಂಥದ್ದನ್ನು ಯಾರಾದರೂ ಮಾರುತ್ತಾರೆಯೇ? ಮಷಿನನ್ನು ಮಗ್ಗುಲಾಗಿಸಿ ಬಗ್ಗಿ ನೋಡಿದೆ. ಪ್ರತಿ ಕೀಲಿಯ ಸ್ಪ್ರಿಂಗ್ ಹಿಡಿದಿದ್ದ ಸ್ಕ್ರೂಗಳ ತಲೆ ಸವೆದು ಹೊಳೆಯುತ್ತಿದ್ದವು. ಮತ್ತೆ ಮತ್ತೆ ತಿರುಗಿಸಿದ ಗುರುತು. ಕಳ್ಳ ಸಿಕ್ಕನೆಂದು ಒಳಗೊಳಗೇ ಖುಷಿಯಾಯಿತು.

"ಇವನ್ನ ಯಾರು ಸಡಲ ಮಾಡ್ಯಾರ್ರಿ? ಮಾರೂ ಸಲುವಾಗಿ ಮೆತ್ತಗ ಮಾಡೀರೇನು?" ಎಂದು ಕೇಳಿಯೇಬಿಟ್ಟೆ.

"ನಾನ ಮಾಡೇನಿ" ಎಂದು ಮುದುಕರು ಟವೆಲ್ ಸರಿಸಿದರು.

ಬೆರಳುಗಳು ಹುಣಸೆಕಾಯಿಯಂತೆ ಗಂಟುಗಂಟಾಗಿ ಸೊಟ್ಟಗಾಗಿದ್ದವು. ಬೆರಳು ಬಿಗಿದಂತೆಲ್ಲ ಸ್ಕ್ರೂಗಳನ್ನು ಒಂದೊಂದು ಸುತ್ತು ಸಡಿಲಿಸುತ್ತ ಬಂದಿದ್ದರಂತೆ. ಈಗ ಅಷ್ಟು ಮೆತ್ತನೆಯ ಕೀಲಿಯೂ ಅವರಿಂದ ಇಳಿಯುತ್ತಿರಲಿಲ್ಲ. ಬಾಂಡ್ ರೈಟರ್ ನೆಲ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ, ನನ್ನ ಕೈ ಗಟ್ಟಿ ಇದೆ, ಬಾಳಿಕೆಯ ಸಲುವಾಗಿ ಕೇಳಿದೆ ಎಂದೆ.

ಅವರು ನನ್ನ ಬಲಗೈ ನೋಡಿದರು. ಅದನ್ನು ನಾನು ಎಡಗೈಯಿಂದ ಒತ್ತಿಕೊಳ್ಳುತ್ತಿದ್ದುದು ಆಗಲೇ ನನಗೆ ತಿಳಿದದ್ದು.

"ಕೈ ನೋಯದವರು ಇಷ್ಟ ಮೆತ್ತನ ಮಷಿನ ಹುಡಕೂದಿಲ್ಲ ತಂಗಿ. ಆ ಸ್ಕ್ರೂ ಇನ್ನ ಎರಡ ಸುತ್ತು ಸಡಲ ಆಗ್ತಾವ. ಅವು ಮುಗದ ದಿನ ಬಿಟ್ಟುಬಿಡು. ನಾ ಬಿಡಲಿಲ್ಲ."

ಹೆದರಿಸಿ ಮಷಿನು ಉಳಿಸಿಕೊಳ್ಳುವ ಉಪಾಯವಿರಬೇಕು ಎಂದು ದುಡ್ಡು ಕೊಟ್ಟು, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗಲೂ ಅನ್ನಿಸುತ್ತಿತ್ತು. ಎರಡು ಸುತ್ತು ಮುಗಿದ ಮೇಲೂ ಎಷ್ಟೋ ವರ್ಷ ಆ ಕಚೇರಿಯ ಮುಂದೆ ಕುಳಿತೆ. ಇದನ್ನು ಹೇಳುತ್ತಿರುವವಳು ನಾನು, ಬರೆಯುತ್ತಿರುವವಳು ನನ್ನ ಮಗಳು.