ಸ್ಯಾಂಪಲ್ ಅತ್ತೆಯ ಮಂಡಿನೋವು

ನಮ್ಮ ಅತ್ತೆ ಓದಿದ್ದು ಹತ್ತನೆಯ ತರಗತಿಯವರೆಗೆ. ಆದರೆ ವಿಶ್ವವಿದ್ಯಾಲಯದಲ್ಲಿ ಅವರು ಕಾಲಿಡದ ವಿಭಾಗವೇ ಇಲ್ಲ. ವೈದ್ಯಕೀಯದವರು ಅವರ ತಲೆಗೆಲ್ಲ ತಂತಿ ಅಂಟಿಸಿ ನಿದ್ದೆ ಮಾಡಿಸಿ ನೋಡಿದ್ದಾರೆ. ಭೌತಶಾಸ್ತ್ರದವರು ಎಳ್ಳಷ್ಟೂ ಪ್ರತಿಧ್ವನಿ ಇಲ್ಲದ ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿದ್ದಾರೆ. "ನನ್ನ ಹೊಟ್ಟೆ ನನಗೇ ಬೈಯೋದು ಕೇಳಿಸ್ತು ಕಣಮ್ಮ" ಎನ್ನುತ್ತಾ ಅಲ್ಲಿಂದ ಬಂದವರು ಎರಡೆರಡು ಸಲ ಬಡಿಸಿಕೊಂಡು ಉಂಡರು. ಎಂಜಿನಿಯರಿಂಗ್‌ನವರು ಮಾಡಿದ ಯಂತ್ರದ ಕೈ ನೀರಿನ ಲೋಟ ಕೊಟ್ಟಾಗ "ನೂರು ವರ್ಷ ಬಾಳಪ್ಪ" ಎಂದು ಅದನ್ನು ಹರಸಿದ್ದಾರೆ. ಇನ್ನು ಸಮಾಜಶಾಸ್ತ್ರದ ಹುಡುಗನೊಬ್ಬ, ಮನೆಯ ಬೀಗದ ಕೈಯನ್ನು ನಂಬಿ ಕೊಡಬಹುದಾದ ನೆರೆಹೊರೆಯವರು ಎಷ್ಟು ಮಂದಿ ಎಂದು ಕೇಳಿದ್ದಕ್ಕೆ ಇಡೀ ಬೀದಿಯ ಚರಿತ್ರೆಯನ್ನು ಉಪ್ಪುಖಾರ ಹಚ್ಚಿ ಹೇಳಿ, ಅವನ ರೆಕಾರ್ಡರಿನ ಬ್ಯಾಟರಿಯನ್ನೇ ಖಾಲಿ ಮಾಡಿಸಿದ್ದಾರೆ.

ನನ್ನ ಗಂಡ ತನ್ನ ತಾಯಿಗೆ ಇಟ್ಟ ಹೆಸರು ಸ್ಯಾಂಪಲ್. "ಈ ವಾರ ಯಾವ ಡಿಪಾರ್ಟ್‌ಮೆಂಟಮ್ಮ, ಸ್ಯಾಂಪಲ್ಲು?" ಎಂದು ಅವನು ಕೇಳಿದರೆ ಅತ್ತೆಗೆ ಕೋಪವೂ ಇಲ್ಲ, ಬೇಸರವೂ ಇಲ್ಲ. ಒಳಗೊಳಗೇ ಜಂಬ.

ಈ ಚಾಳಿ ಶುರುವಾದದ್ದು ಮಾವ ತೀರಿಕೊಂಡ ಮೇಲೆ. ಅಷ್ಟು ಹೊತ್ತಿಗೆ ಅತ್ತೆ ಕೆಲಸದಿಂದಲೂ ನಿವೃತ್ತರಾಗಿದ್ದರು. ಅವರದು ರೆಡಿಮೇಡ್ ಬಟ್ಟೆ ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತುಕೊಂಡೇ ಮಾಡುವ ಕೆಲಸ. ಗಿರಾಕಿ ಕನ್ನಡಿಯ ಮುಂದೆ ತಿರುಗಿ ನೋಡಿಕೊಳ್ಳುವಾಗ "ನಿಮಗೇ ಅಂತ ಹೊಲಿದ ಹಾಗಿದೆ!" ಅನ್ನಬೇಕು, ಅದೂ ನಿಜ ಅನ್ನಿಸುವ ಹಾಗೆ. ಆ ವಿದ್ಯೆಯಲ್ಲಿ ಅತ್ತೆಯನ್ನು ಮೀರಿಸಿದವರಿರಲಿಲ್ಲ. ಅದೆಲ್ಲ ನಿಂತುಹೋಗಿ ಮನೆಯಲ್ಲಿ ಕೂತಾಗ ಅವರು ಮಂಕಾದರು. ಒಂದು ದಿನ ದವಾಖಾನೆಯ ಗೋಡೆಯ ಮೇಲೆ "ಸಂಶೋಧನೆಗೆ ಹಿರಿಯರು ಬೇಕಾಗಿದ್ದಾರೆ" ಎಂಬ ಚೀಟಿ ಕಂಡಿತು. ಬೇಕಾಗಿದ್ದಾರೆ! ಅತ್ತೆ ಅದನ್ನು ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. ಅಂದಿನಿಂದ ಅವರ ಹೆಸರು ವಿಶ್ವವಿದ್ಯಾಲಯದ ಸ್ವಯಂಸೇವಕರ ಪಟ್ಟಿಯಲ್ಲಿದೆ. ಇತ್ತು ಅನ್ನಬೇಕು. ಹೇಗೆ ಹೋಯಿತು ಅನ್ನುವುದೇ ಈ ಕಥೆ.

ಹೋದ ವರ್ಷ ಎಂಜಿನಿಯರಿಂಗ್ ವಿಭಾಗದಿಂದ ಮಂಡಿನೋವು ಇರುವವರು ಬೇಕೆಂದು ಕರೆ ಬಂತು. "ನಿಮಗೆಲ್ಲಿದೆ ಅತ್ತೆ ಮಂಡಿನೋವು?" ಅಂದೆ ನಾನು. ಮನೆಯಲ್ಲಿ ಅವರು ಒಂದು ದಿನವೂ ಕಾಲು ಹಿಡಿದುಕೊಂಡು ಕೂತವರಲ್ಲ.

"ಇದೆ ಅಂದ್ರಾಯ್ತಪ್ಪ. ಅವರೇನು ಬಿಚ್ಚಿ ನೋಡ್ತಾರಾ?" ಎಂದು ನಕ್ಕರು.

ಈ ಹೆಂಗಸು ಅಧ್ಯಯನಕ್ಕೆ ಸೇರುವ ಚಪಲಕ್ಕೆ ಇಲ್ಲದ ನೋವನ್ನೂ ಹುಟ್ಟಿಸಿಕೊಂಡರಲ್ಲ ಎಂದು ನಾನೂ ನಕ್ಕೆ. ಪ್ರತಿ ಶನಿವಾರ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಅದು ಒಬ್ಬ ಹುಡುಗಿಯ ಪಿಎಚ್.ಡಿ. ಕೆಲಸ. ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದಳು. ಅತ್ತೆ ನೋಡಿದ ಕೂಡಲೇ ಕಡ್ಡಿ ಎಂದು ಹೆಸರಿಟ್ಟುಬಿಟ್ಟರು. ಕಡ್ಡಿ ಮಾಡಿದ್ದು ಮಂಡಿಗೆ ಕಟ್ಟುವ ಒಂದು ಪಟ್ಟಿ. ಅದರೊಳಗೆ ಉಗುರಿನಷ್ಟು ಗಾತ್ರದ ಮೋಟರುಗಳಿದ್ದವು. ನಡೆಯುವಾಗ ಅವು ಸಣ್ಣಗೆ ನಡುಗಿ, ಪಟ್ಟಿ ಬೆಚ್ಚಗಾಗಿ, ನೋವು ತಗ್ಗಬೇಕು. ಹೆಜ್ಜೆ ಹೇಗೆ ಬೀಳುತ್ತದೆ ಎಂದು ಗುರುತಿಸಿಕೊಳ್ಳುವ ಸೆನ್ಸರ್ ಕೂಡ ಅದರಲ್ಲಿತ್ತು. ಬಂದವರು ಪಟ್ಟಿ ಕಟ್ಟಿಕೊಂಡು ಉದ್ದನೆಯ ಕಾರಿಡಾರಿನಲ್ಲಿ ನಡೆದು ಬರಬೇಕು. ಆಮೇಲೆ ಕಡ್ಡಿಯ ಎದುರು ಕೂತು, ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಎಂದು ಹೇಳಬೇಕು. ಸೊನ್ನೆ ಅಂದರೆ ನೋವೇ ಇಲ್ಲ.

ಅತ್ತೆ ಮೊದಲ ವಾರ ಏಳು ಅಂದರು. ಎರಡನೆಯ ವಾರವೂ ಏಳೇ. ಕಡ್ಡಿಯ ಮುಖ ಸಣ್ಣದಾಯಿತು. "ಪರವಾಗಿಲ್ಲಮ್ಮ" ಎಂದು ಬರೆದುಕೊಂಡಳು. ಆದರೆ ಅವಳ ಕೆಳತುಟಿ ನಡುಗಿದ್ದು ಬಾಗಿಲ ಬಳಿಯ ಬೆಂಚಿನಲ್ಲಿದ್ದ ನನಗೂ ಕಂಡಿತು. ಗಿರಾಕಿಯ ಮುಖ ನೋಡಿಯೇ ಜೀವನ ಮಾಡಿದ ಅತ್ತೆಗೆ ಕಾಣದೆ ಇರುತ್ತದೆಯೇ? ಮೂರನೆಯ ವಾರ ಅವರು ಐದು ಅಂದರು. ಆಮೇಲೆ ಮೂರು. ಕಡ್ಡಿಯ ಮುಖ ಅರಳಿತು. ಅತ್ತೆಗೆ ಅಷ್ಟು ಸಾಕು, ಮುಂದಿನ ವಾರ ಒಂದಕ್ಕೆ ಇಳಿದರು.

ಅವರೊಬ್ಬರೇ ಇಳಿದಿದ್ದರೆ ಚಿಂತೆಯಿರಲಿಲ್ಲ. ಕಾಯುವ ಕೋಣೆಯಲ್ಲಿ ಕೂರುತ್ತಿದ್ದ ಉಳಿದವರನ್ನೂ ಇಳಿಸಿದರು. ಅವರಲ್ಲಿ ನಿವೃತ್ತ ಬಸ್ ಡ್ರೈವರ್ ಒಬ್ಬರಿದ್ದರು. ಕಂಬದಂಥ ಆಳು, ವಾರ ವಾರವೂ ಎಂಟು ಅನ್ನುತ್ತಿದ್ದರು.

"ಅಲ್ರೀ, ಆ ಮಗು ಮುಖ ನೋಡಿದೀರಾ? ಹೊತ್ತಿಗೆ ಸರಿಯಾಗಿ ಉಣ್ಣಲ್ಲ, ನಿದ್ದೆ ಮಾಡಲ್ಲ. ಎಂಟು ಅನ್ನೋಕೆ ನಿಮಗೆ ಬಾಯಾದ್ರೂ ಹೇಗೆ ಬರುತ್ತೆ?" ಎಂದು ಅತ್ತೆ ಎಲ್ಲರೆದುರೇ ತರಾಟೆಗೆ ತೆಗೆದುಕೊಂಡರು.

"ನೋವಿದೆಯಲ್ಲಮ್ಮ, ಏನ್ಮಾಡ್ಲಿ?"

"ನೋವು ಎಲ್ಲರಿಗೂ ಇದೆ. ಒಳ್ಳೆ ಮಾತಾಡೋಕೆ ಏನು ಕಷ್ಟ?"

ಡ್ರೈವರ್ ಮುಂದಿನ ವಾರ ಬಾಲ ಮುದುರಿಕೊಂಡು ಮೂರು ಅಂದರು. ಅವರೇ ಸೋತ ಮೇಲೆ ಉಳಿದವರದೇನು? ಇಡೀ ಕೋಣೆಯ ನೋವು ಕರಗಿಹೋಯಿತು. ನಾನು ಇದನ್ನೆಲ್ಲ ತಮಾಷೆಯಾಗಿ ನೋಡುತ್ತಿದ್ದೆ. ಅತ್ತೆಗೆ ಮೊದಲೇ ನೋವಿಲ್ಲ, ಉಳಿದವರದು ಎಷ್ಟೋ ಏನೋ, ಹುಡುಗಿಯೊಬ್ಬಳು ಖುಷಿಯಾಗಿದ್ದರೆ ಯಾರ ಗಂಟೇನು ಹೋಗುತ್ತದೆ ಎಂದುಕೊಂಡಿದ್ದೆ.

ಕೊನೆಯ ಶನಿವಾರ ಕಡ್ಡಿಯ ಗೈಡು ಎಲ್ಲರಿಗೂ ಚಹಾ, ಬಿಸ್ಕತ್ತು ತರಿಸಿದರು. ಕಾಲು ನೆಲಕ್ಕೆ ತಾಗದಷ್ಟು ಸಂತೋಷ ಅವರಿಗೆ. ಗೋಡೆಯ ಮೇಲೆ ದೊಡ್ಡ ನಕ್ಷೆ, ಅದರಲ್ಲಿ ನೋವಿನ ಗೆರೆ ಜಾರುಬಂಡಿಯ ಹಾಗೆ ಇಳಿದಿತ್ತು. "ಇಂಥ ಫಲಿತಾಂಶ ನಾನು ಕಂಡೇ ಇಲ್ಲ. ಮುಂದಿನ ತಿಂಗಳಿಂದ ಆಸ್ಪತ್ರೆಯಲ್ಲಿ ಶುರು ಮಾಡ್ತೀವಿ. ಮಂಡಿ ಆಪರೇಷನ್ ಆದವರಿಗೆ ನೋವಿನ ಮಾತ್ರೆ ಕಡಿಮೆ ಮಾಡಿ, ಅದರ ಬದಲು ಈ ಪಟ್ಟಿ ಕಟ್ತೀವಿ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆಯ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು.

ದಾರಿಯುದ್ದಕ್ಕೂ ಅತ್ತೆ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ನನಗೆ ಸ್ಕೂಟರಿನ ಹಿಂದೆ ಯಾರೂ ಕೂತಿಲ್ಲವೇನೋ ಅನ್ನಿಸುತ್ತದೆ. ಎರಡು ಸಲ ತಿರುಗಿ ನೋಡಿದೆ. ಊಟಕ್ಕೆ ಕೂತವರು ತಟ್ಟೆಯಲ್ಲಿ ಬೆರಳಾಡಿಸಿ ಎದ್ದರು. ಅಡುಗೆಮನೆಗೆ ಬಂದು, ಪಾತ್ರೆ ಉಜ್ಜುತ್ತಿದ್ದ ನನ್ನ ಪಕ್ಕ ನಿಂತು ಎಲ್ಲವನ್ನೂ ಹೇಳಿದರು: ಒಂದು ಅಂದದ್ದು ಸುಳ್ಳು, ಮೂರು ಅಂದದ್ದು ಸುಳ್ಳು, ಡ್ರೈವರ್‌ದಂತೂ ಶುದ್ಧ ಸುಳ್ಳು.

ನನ್ನ ಗಂಡ ಹೊರಗಿನಿಂದಲೇ, "ಸುಮ್ನಿರಮ್ಮ. ಆಸ್ಪತ್ರೆಯಲ್ಲಿ ಕಟ್ಟಿ ನೋಡ್ದಾಗ ಅವರಿಗೇ ಗೊತ್ತಾಗುತ್ತೆ" ಅಂದ.

"ಗೊತ್ತಾಗೋವರೆಗೆ ನೋಯೋದು ಯಾರಿಗೋ?" ಎಂದರು ಅತ್ತೆ. "ಹೇಳಿದ್ರೆ ಆ ಮಗು ಓದು ಹಾಳಾಗುತ್ತೆ. ಹೇಳದೆ ಇದ್ರೆ ಮಾತ್ರೆ ಇಲ್ಲದೆ ಯಾರೋ ನರಳ್ತಾರೆ. ಇನ್ನು ನನ್ನನ್ನಂತೂ ಅವರು ಕರೆಯೋದಿಲ್ಲ ಬಿಡು." ಕೊನೆಯ ಮಾತಿಗೆ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಅತ್ತೆಗೆ ಅಳು ಬಂದದ್ದನ್ನು ನಾನು ನೋಡಿದ್ದೇ ಕಡಿಮೆ. ಸೋಪು ಹತ್ತಿದ ಕೈಯಲ್ಲೇ ಅವರ ಭುಜ ಹಿಡಿದುಕೊಂಡೆ.

ಸೋಮವಾರ ಬೆಳಿಗ್ಗೆ ಹೋದೆವು. ಕಡ್ಡಿ ತನ್ನ ಮೇಜಿನ ಹತ್ತಿರ ನಿಂತು ತಂತಿ ಬೆಸೆಯುತ್ತಿದ್ದಳು. ಅತ್ತೆ ಕೂರಲೂ ಇಲ್ಲ. "ಮಗು, ನಾನು ಹೇಳಿದ್ದೆಲ್ಲ ಸುಳ್ಳು" ಅಂದುಬಿಟ್ಟರು. ಅವಳು ನಕ್ಕಳು, ಅತ್ತೆಯ ತಮಾಷೆಗಳು ಅವಳಿಗೆ ಗೊತ್ತಿದ್ದವು. ಅತ್ತೆ ನಗಲಿಲ್ಲ. ಡ್ರೈವರನ್ನು ಬೈದದ್ದರಿಂದ ಹಿಡಿದು ಒಂದೂ ಬಿಡದೆ ಒಪ್ಪಿಸಿದರು. ಕಡ್ಡಿ ಕೈಯಲ್ಲಿದ್ದುದನ್ನು ಕೆಳಗಿಟ್ಟು ಕುರ್ಚಿಗೆ ಕುಸಿದಳು. ಗೋಡೆಯ ಮೇಲಿನ ಜಾರುಬಂಡಿಯನ್ನೇ ನೋಡಿದಳು.

ಅಷ್ಟರಲ್ಲಿ ಗೈಡು ಬಂದರು. ವಿಷಯ ಕೇಳಿ ಅವರ ಮುಖ ಕೆಂಪಾಯಿತು. "ಎರಡು ವರ್ಷದ ಕೆಲಸ ಅಮ್ಮ ಇದು! ಎರಡು ವರ್ಷ!" ಎಂದರು. ಅಲ್ಲೇ ಡ್ರೈವರಿಗೆ ಫೋನು ಮಾಡಿದರು. ಆ ಕಡೆಯಿಂದ ಬಂದ ಗಡಸು ದನಿ ಇಡೀ ಕೋಣೆಗೆ ಕೇಳಿಸಿತು: "ನಂದು ಎಂಟೇ ಸಾರ್, ಇವತ್ತಿಗೂ ಎಂಟೇ. ಆಯಮ್ಮ ಬೈತಾರೆ ಅಂತ ಮೂರು ಅಂದೆ. ಅವರು ಅಲ್ಲಿದ್ರೆ ನಾನು ಹೇಳ್ದೆ ಅನ್ಬೇಡಿ." ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಕಡ್ಡಿ ಅತ್ತೆಯ ಕಡೆ ತಿರುಗಿದಳು. "ಹಾಗಾದ್ರೆ ನಿಜವಾಗ್ಲೂ ಎಷ್ಟಿತ್ತಮ್ಮ ನೋವು?"

"ಏಳು. ಮೊದಲೆರಡು ವಾರ ಹೇಳಿದ್ದು ಮಾತ್ರ ನಿಜ. ಮೆಟ್ಟಿಲು ಇಳಿಯೋವಾಗ ಎಂಟು."

ಏಳೇ? ಹಾಗಾದರೆ ಮನೆಯಲ್ಲಿ ಬಕೆಟ್ಟು ಹೊತ್ತು ಬಟ್ಟೆ ಹರವಲು ತಾರಸಿಗೆ ಹತ್ತುತ್ತಿದ್ದರಲ್ಲ, ಪ್ರತಿ ಮೆಟ್ಟಿಲಿಗೂ ಅಷ್ಟು ನೋವೇ? ನಾನು ಕೇಳಿದಾಗೆಲ್ಲ "ನನಗೇನಾಗಿದೆ ಧಾಡಿ!" ಎನ್ನುತ್ತಿದ್ದರು. ನನ್ನ ಮುಖ ನೋಡಿಯೂ ಒಂದು, ಎರಡು ಎಂದು ಹೇಳಿಕೊಂಡೇ ಬಂದಿದ್ದರು. ಒಂದೇ ಸೂರಿನ ಕೆಳಗಿದ್ದ ನಾನು ಅದನ್ನು ನಂಬಿಕೊಂಡು ಹಾಯಾಗಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಕಡ್ಡಿ ಮಾತ್ರ ಇದ್ದಕ್ಕಿದ್ದಂತೆ ಎದ್ದಳು. ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಿ ತೆಗೆದಳು. ಅದು ಪಟ್ಟಿಯ ಸೆನ್ಸರ್ ಗುರುತಿಸಿದ್ದ ಅತ್ತೆಯ ಹೆಜ್ಜೆಗಳ ಗೆರೆ. "ನೋಡಿ ಸರ್. ಇವರು ಒಂದು ಅಂದ ದಿನವೂ ಬಲಗಾಲು ಎಳೀತಿದ್ರು ಅಂತ ಇದರಲ್ಲಿದೆ. ಡ್ರೈವರ್ ಅವರದ್ದೂ ಹಾಗೇ. ನಾನು ಸೆನ್ಸರ್ ಕೆಟ್ಟಿದೆ ಅಂದ್ಕೊಂಡು ಎರಡು ಸಲ ಬದಲಾಯಿಸಿದೆ." ಅವಳು ಅತ್ತೆಯನ್ನು ನೋಡಿದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ಅಮ್ಮ, ನಾನು ನಿಮ್ಮನ್ನ ನಂಬಿದೆ, ಮಷೀನನ್ನ ಬೈದೆ."

ಗೈಡು ಕನ್ನಡಕ ಏರಿಸಿ ಬಹಳ ಹೊತ್ತು ಆ ಗೆರೆಗಳನ್ನು ನೋಡಿದರು. ಸಿಟ್ಟು ಇಳಿಯುತ್ತಾ ಬಂತು. ನೋವಿನ ಅಂಕಿಗಳೆಲ್ಲ ಕಸದ ಬುಟ್ಟಿಗೆ, ಆದರೆ ಹೆಜ್ಜೆಗಳು ಸುಳ್ಳಾಡಿಲ್ಲ, ಅವನ್ನು ಇಟ್ಟುಕೊಂಡು ಹೊಸಬರೊಂದಿಗೆ ಮತ್ತೆ ಮಾಡೋಣ ಎಂದರು. ಆಸ್ಪತ್ರೆಗೆ ಫೋನು ಮಾಡಿ ಸದ್ಯಕ್ಕೆ ಬೇಡ ಅಂದರು. ಆಮೇಲೆ, ಸ್ವಲ್ಪ ಸಂಕೋಚದಿಂದಲೇ, ನಿಯಮದ ಪ್ರಕಾರ ಅತ್ತೆಯ ಹೆಸರನ್ನು ಸ್ವಯಂಸೇವಕರ ಪಟ್ಟಿಯಿಂದ ತೆಗೆಯಲೇಬೇಕು ಎಂದರು. ಅತ್ತೆ ಹೂಂಗುಟ್ಟಿದರು. ಸ್ಕೂಟರ್ ಹತ್ತುವಾಗ ನಾನು ಕೈ ಕೊಟ್ಟೆ, ಬೇಡವೆನ್ನದೆ ಹಿಡಿದುಕೊಂಡರು.

ಆಮೇಲಿನ ತಿಂಗಳುಗಳಲ್ಲಿ ಅತ್ತೆಗೆ ಶನಿವಾರ ಬಂದರೆ ಸಾಕು, ಕೈಕಾಲು ಆಡುತ್ತಿರಲಿಲ್ಲ. ನನ್ನ ಗಂಡನೂ ಸ್ಯಾಂಪಲ್ ಎಂದು ಕರೆಯುವುದನ್ನು ಬಿಟ್ಟ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮಾತ್ರೆ, ವ್ಯಾಯಾಮ ಎಲ್ಲ ಶುರುವಾಯಿತು. ಬಟ್ಟೆ ಹರವುವ ಕೆಲಸವನ್ನು ಜಗಳವಾಡಿಯೇ ಕಿತ್ತುಕೊಂಡೆ. ಕಡ್ಡಿ ಆಗಾಗ ಫೋನು ಮಾಡಿ ಸುದ್ದಿ ಹೇಳುತ್ತಿದ್ದಳು. ಈ ಸಲ ಬಂದವರು ಅವಳೆದುರು ಬಾಯಿ ಬಿಡುವಂತಿಲ್ಲ. ಬೇರೊಂದು ಕೋಣೆಯಲ್ಲಿ ಒಬ್ಬರೇ ಕೂತು ಗುಂಡಿ ಒತ್ತಬೇಕು. ಅರ್ಧ ಜನ ಏನೂ ಕಡಿಮೆಯಾಗಿಲ್ಲ ಎಂದು ಒತ್ತಿದರಂತೆ. ಅಂಥವರ ಹೆಜ್ಜೆಯ ಗೆರೆಗಳನ್ನು ತೆಗೆದು ನೋಡಿದಾಗ, ಪಟ್ಟಿಯ ಬಕಲ್ಲು ಮಂಡಿಯ ಹೊರಬದಿಯನ್ನು ಒತ್ತುತ್ತಿದ್ದುದು ಗೊತ್ತಾಯಿತಂತೆ. "ನೀವೆಲ್ಲ ಮೊದಲೇ ನೋವು ಅಂದಿದ್ರೆ ಅವತ್ತೇ ಸರಿ ಮಾಡ್ತಿದ್ದೆ" ಎಂದು ಅವಳು ಬೈದಳು. ಅತ್ತೆ ಫೋನು ಹಿಡಿದು, ಬೈಸಿಕೊಂಡೂ ನಗುತ್ತಿದ್ದರು.

ಪಿಎಚ್.ಡಿ. ಮುಗಿದ ಮೇಲೆ ಒಂದು ಭಾನುವಾರ ಕಡ್ಡಿ ಮನೆಗೇ ಬಂದಳು. ಕೈಯಲ್ಲಿ ಹೊಸ ಪಟ್ಟಿಯಿತ್ತು, ಬಕಲ್ಲಿನ ಜಾಗ ಬದಲಾಗಿತ್ತು. "ಇದು ಸ್ಟಡಿ ಅಲ್ಲಮ್ಮ, ಎಲ್ಲೂ ಬರೆಯಲ್ಲ. ನಿಮಗೇ ಅಂತ ತಂದೆ" ಅಂದಳು. ಅತ್ತೆ ಕಟ್ಟಿಕೊಂಡು, ಮೆಟ್ಟಿಲಿಳಿದು ಬೀದಿಯ ತುದಿಯವರೆಗೆ ಹೋಗಿ ಬಂದರು. ಅವರು ಒಳಗೆ ಬರುವಷ್ಟರಲ್ಲಿ ಕಡ್ಡಿ ಗೋಡೆಗೆ ಮುಖಮಾಡಿ ನಿಂತಿದ್ದಳು. "ನನ್ನ ಮುಖ ನೋಡಬೇಡಿ. ಈಗ ಹೇಳಿ."

ಅತ್ತೆ ಕಾಲು ಮಡಿಸಿದರು, ನೀಡಿದರು, ಇನ್ನೊಮ್ಮೆ ಮಡಿಸಿದರು. "ನಾಲ್ಕು" ಎಂದರು. ಸ್ವಲ್ಪ ತಡೆದು, "ನಾಲ್ಕೂವರೆ ಅಂತಲೇ ಇಟ್ಕೋ" ಎಂದರು.

ಕಡ್ಡಿ ಗೋಡೆಯಿಂದ ತಿರುಗಿದವಳೇ ಅವರನ್ನು ತಬ್ಬಿಕೊಂಡು ಕುಣಿದಳು. ಒಂದು ಅಂದಾಗಲೂ ಅವಳು ಅಷ್ಟು ಕುಣಿದಿರಲಿಲ್ಲ. "ನಾಲ್ಕೂವರೆಗೆ ಹೀಗೆ ಆಡ್ತಾಳಲ್ಲ, ಇವಳಿಗೇನಾಗಿದೆ?" ಎಂದು ಅತ್ತೆ ಅವಳ ಹೆಗಲ ಮೇಲಿಂದ ನನ್ನನ್ನು ಕೇಳಿದರು.

ಅವಳು ಹೋದ ಮೇಲೆ ನಾನು ಅಡುಗೆಗೆ ಇಟ್ಟಿದ್ದೆ. ನಡುಮನೆಯಿಂದ ಅತ್ತೆ ಕೂಗಿದರು. ಸೋಫಾದ ಮೇಲೆ ಕಾಲು ನೀಡಿ ಕೂತಿದ್ದರು.

"ಜಾಸ್ತಿ ನಡೆದುಬಿಟ್ಟೆ ಅಂತ ಕಾಣುತ್ತೆ. ಈಗ ಆರಾಗಿದೆ ಕಣಮ್ಮ. ಸ್ವಲ್ಪ ಕಾಲು ಒತ್ತಿಕೊಡ್ತೀಯಾ?"

ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆ ನನ್ನನ್ನು ಒಂದು ಲೋಟ ನೀರು ಕೂಡ ಕೇಳಿದವರಲ್ಲ. ಒಲೆ ಆರಿಸಿ, ಕೈ ಒರೆಸಿಕೊಂಡು ಹೋಗಿ, ಅವರ ಕಾಲನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.